ಬಾಡಿಗೆ ಮನೆಯ ಲೆಕ್ಕ

ನಿವೃತ್ತಿಯ ಹಣ ಕೈಗೆ ಬಂದಾಗ ಒಂದು ಮನೆ ಕೊಂಡು ಬಾಡಿಗೆಗೆ ಬಿಡುವ ಆಸೆ ಸಹಜ. ಬ್ಯಾಂಕಿನಲ್ಲಿ ಊರವರ ಲೆಡ್ಜರ್ ಬರೆದ ನಾನೇ ನನ್ನ ಮನೆಯ ಲೆಕ್ಕದಲ್ಲಿ ಎಡವಿದೆ. ನೀವು ಎಡವಬೇಡಿ.

ಕಾಸರಗೋಡಿನಲ್ಲಿ 30 ಲಕ್ಷದ ಮನೆ, ತಿಂಗಳ ಬಾಡಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,20,000. ನೂರಕ್ಕೆ ನಾಲ್ಕು ಬಂತೆಂದು ದಲ್ಲಾಳಿ ಹೇಳುತ್ತಾನೆ; ನಾನು ನಂಬಿದ್ದೂ ಇದನ್ನೇ.

ಆದರೆ ಕೇರಳದಲ್ಲಿ ಮುದ್ರಾಂಕ ಶುಲ್ಕ ಶೇಕಡಾ 8, ನೋಂದಣಿ ಶುಲ್ಕ ಶೇಕಡಾ 2. ಅಲ್ಲಿಗೆ ಕೈಯಿಂದ ಹೋದದ್ದು 33 ಲಕ್ಷ. ಇನ್ನು ಬಾಡಿಗೆಯಲ್ಲಿ, ವರ್ಷಕ್ಕೊಂದು ತಿಂಗಳು ಮನೆ ಖಾಲಿಯೆಂದು 10,000 ಕಳೆಯಿರಿ. ಕಟ್ಟಡ ತೆರಿಗೆ, ಸುಣ್ಣಬಣ್ಣ, ಆಟಿಯ ಮಳೆಗೆ ಸೋರಿದ ಮಾಡಿನ ರಿಪೇರಿ ಎಂದು 20,000 ಕಳೆಯಿರಿ. ಉಳಿಯುವುದು 90,000. ಇದನ್ನು 33 ಲಕ್ಷದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 2.7. ನಿಜವಾದ ಪ್ರತಿಫಲ ಇಷ್ಟೇ. ಆದಾಯ ತೆರಿಗೆ ಇದ್ದರೆ ಅದು ಬೇರೆ.

ಜಾಗದ ಬೆಲೆ ಏರಬಹುದು. ಆದರೆ ಅದು ಮಾರಿದ ದಿನ ಸಿಗುವ ಹಣ. ತಿಂಗಳ ಅಕ್ಕಿಗೆ, ಮದ್ದಿಗೆ ಒದಗುವುದಲ್ಲ. ಆದ್ದರಿಂದ ಮುಂಗಡ ಕೊಡುವ ಮೊದಲು ಈ ಲೆಕ್ಕವನ್ನೂ ಬ್ಯಾಂಕ್ ಠೇವಣಿಯ ಬಡ್ಡಿಯನ್ನೂ ಒಂದೇ ಕಾಗದದಲ್ಲಿ ಬರೆದು ನೋಡಿ.