ಪಗಾರದಲ್ಲಿ ಮುರಿಸಿಕೊಂಡ ಸೈಕಲ್ ಕೊಳ್ಳುವ ಮುಂಚೆ



ಗೋಕಾಕ ಜಲಪಾತದ ಬಳಿ 1880ರ ದಶಕದಲ್ಲಿ ನೂಲಿನ ಗಿರಣಿ ಆರಂಭವಾದಂದಿನಿಂದ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಕ್ಕಲುತನವೂ ಪಗಾರವೂ ಕೂಡಿಯೇ ನಡೆದುಬಂದಿವೆ. ಮುಂದೆ ಸಂಕೇಶ್ವರದ ಹಿರಣ್ಯಕೇಶಿ, ಘಟಪ್ರಭಾ ಮೊದಲಾದ ಸಹಕಾರಿ ಸಕ್ಕರೆ ಕಾರಖಾನೆಗಳು ಬಂದವು. 1969ರಲ್ಲಿ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಒಬ್ಬ ಮಗ ಹೊಲಕ್ಕೆ, ಇನ್ನೊಬ್ಬ ಮಗ ಕೆಲಸದ ಪಾಳಿಗೆ. ಪಾಳಿಗೆ ಹೋಗುವವನಿಗೆ ಸೈಕಲ್ ಬೇಕು, ಕೈಯಲ್ಲಿ ಒಮ್ಮೆಲೇ ಅಷ್ಟು ರೊಕ್ಕವಿರುವದಿಲ್ಲ. ಆಗ ಧಣಿಯಾಗಲಿ ನೌಕರರ ಪತ್ತಿನ ಸಂಘವಾಗಲಿ ಮುಂಗಡ ಕೊಡುವದು, ತಿಂಗಳಾ ಪಗಾರದಲ್ಲಿ ಮುರಿದುಕೊಳ್ಳುವದು. ಮುಂದೆ ಅದೇ ಸೈಕಲ್ಲು ನಿಮ್ಮ ಊರಿನ ಕಟ್ಟೆಯ ಬಳಿ ಮಾರಾಟಕ್ಕೆ ಬಂದು ನಿಲ್ಲುತ್ತದೆ. ಬಣ್ಣ ಹೊಸದು, ಬೆಲೆ ಅಗ್ಗ. ನೀವು ಕೊಳ್ಳಬೇಕೋ ಬೇಡವೋ?

ಕೊಳ್ಳಬಹುದು. ಆದರೆ ಸೈಕಲ್ಲನ್ನು ನೋಡುವ ಮೊದಲು ಅದರ ಸಾಲವನ್ನು ನೋಡಬೇಕು.

ಈ ಮುಂಗಡದ ಪದ್ಧತಿ ಹಳ್ಳಿಗಳಿಗೆ ಹೊಸದೇನಲ್ಲ. 1952ರ ಅಕ್ಟೋಬರ್ 2ರಂದು ಸಮುದಾಯ ವಿಕಾಸ ಯೋಜನೆ ಆರಂಭವಾದಾಗ ಒಬ್ಬೊಬ್ಬ ಗ್ರಾಮಸೇವಕನಿಗೆ ಹಲವು ಹಳ್ಳಿಗಳನ್ನು ವಹಿಸಿದರು. ಬೀಜ, ಗೊಬ್ಬರ, ಔಷಧಗಳ ಮಾತು ಹೇಳಲು ಊರಿಂದೂರಿಗೆ ತಿರುಗುವವನಿಗೆ ಸೈಕಲ್ಲೇ ಗತಿ. ಸೈಕಲ್ ಕೊಳ್ಳಲು ಸರಕಾರ ಮುಂಗಡ ಕೊಡುತ್ತಿತ್ತು, ಪಗಾರದಿಂದ ಕಂತಿನಂತೆ ತಿರುಗಿ ಪಡೆಯುತ್ತಿತ್ತು. ಕೇಂದ್ರ ಸರಕಾರವು ತನ್ನ ನೌಕರರಿಗೆ ಕೊಡುತ್ತಿದ್ದ ಸೈಕಲ್ ಮುಂಗಡವನ್ನು ಏಳನೆಯ ವೇತನ ಆಯೋಗದ ಸಲಹೆಯಂತೆ 2016ರಲ್ಲಿ ನಿಲ್ಲಿಸಿತು. ಆದರೆ ಧಣಿಯ ಕಡೆಯಿಂದ, ಸಂಘದ ಕಡೆಯಿಂದ ಕಂತಿನ ಮೇಲೆ ವಸ್ತು ಪಡೆಯುವ ರೂಢಿ ಉಳಿದೇ ಇದೆ.

ನೌಕರನ ಕೈಯಲ್ಲಿರುವ ಸೈಕಲ್ಲೆಲ್ಲ ಒಂದೇ ತರಹದ್ದಲ್ಲ ಎಂಬುದನ್ನು ಮೊದಲು ತಿಳಿಯಿರಿ. ಮುಂಗಡ ಪಡೆದು ತನ್ನ ಹೆಸರಿನಲ್ಲಿಯೇ ಪಾವತಿ ಮಾಡಿಸಿಕೊಂಡು ಕೊಂಡಿದ್ದರೆ ಸೈಕಲ್ ಅವನದು, ತಲೆಯ ಮೇಲೆ ಸಾಲವಿದೆ. ಇಂಥಲ್ಲಿ ಸಾಲ ತೀರುವ ತನಕ ಅಪ್ಪಣೆಯಿಲ್ಲದೆ ಮಾರಬಾರದೆಂಬ ಕರಾರು ಇರುವದುಂಟು. ಎರಡನೆಯದು, ಧಣಿಯೇ ಸೈಕಲ್ ಕೊಂಡು ಬಾಡಿಗೆಯ ಮೇಲೆ ಕೊಟ್ಟದ್ದು. ಇದರಲ್ಲಿ ಕೊನೆಯ ಕಂತು ಮುಟ್ಟುವ ತನಕ ಒಡೆತನ ಧಣಿಯದೇ. ಕಾವಲುಗಾರನಿಗೋ ಜವಾನನಿಗೋ ಕೆಲಸಕ್ಕೆಂದು ಕೊಟ್ಟ ಸೈಕಲ್ಲಂತೂ ಅವನು ಮಾರುವಂಥದೇ ಅಲ್ಲ. ಆದರೆ ಹಳ್ಳಿಯ ಅಂಚೆ ಹಂಚುವವನು ಸ್ವಂತ ಸೈಕಲ್ ಇಟ್ಟುಕೊಂಡು ಅಂಚೆ ಇಲಾಖೆಯಿಂದ ಅದರ ನಿರ್ವಹಣೆಗೆ ಭತ್ತೆ ಪಡೆಯುತ್ತಾನೆ. ಭತ್ತೆ ಇಲಾಖೆಯದಾದರೂ ಸೈಕಲ್ ಅವನದೇ. ಹೀಗೆ ಹೊರಗಿನಿಂದ ನೋಡಿದರೆ ನಾಲ್ಕೂ ಒಂದೇ, ಕಾಗದದಲ್ಲಿ ನಾಲ್ಕೂ ಬೇರೆ.

ಕಾಗದದ ಮಾತು ಯಾಕೆ ಇಷ್ಟು ಹೇಳುತ್ತೇನೆಂದರೆ, 1930ರ ಸರಕು ಮಾರಾಟ ಕಾಯದೆಯ 27ನೆಯ ಕಲಮಿನ ಪ್ರಕಾರ ಮಾರುವವನಿಗೆ ಎಷ್ಟು ಹಕ್ಕಿದೆಯೋ ಅಷ್ಟೇ ಹಕ್ಕು ಕೊಳ್ಳುವವನಿಗೆ ಬರುತ್ತದೆ. ಇದಕ್ಕೆ ಕೆಲವು ವಿನಾಯಿತಿಗಳಿವೆ. ಆದರೆ ಅವನ್ನು ನಂಬಿಕೊಂಡು ಕೋರ್ಟಿಗೆ ಅಲೆದರೆ ಖರ್ಚು ಸೈಕಲ್ಲಿನ ಬೆಲೆಯನ್ನು ದಾಟಿ ಹೋಗುತ್ತದೆ. ಕೋರಿನ ಹೊಲದ ದನವನ್ನು ಪಾಲುಗಾರ ಸಂತೆಯಲ್ಲಿ ಮಾರಿದರೆ ಹೊಲದ ಒಡೆಯ ಬಂದು ಕಣ್ಣಿ ಹಿಡಿಯುತ್ತಾನಲ್ಲವೆ? ಇಲ್ಲಿಯೂ ಹಾಗೆಯೇ.

ಆದದ್ದರಿಂದ ಮಾರುವವನನ್ನು ಕರೆದುಕೊಂಡು ಅವನ ಕಚೇರಿಗೆ ಅಥವಾ ಸಂಘಕ್ಕೆ ಹೋಗಿರಿ. ಬಾಕಿ ಎಷ್ಟೆಂದು ಬರೆಸಿಕೊಳ್ಳಿರಿ. ಲೆಕ್ಕಕ್ಕೆಂದು ಹೇಳುತ್ತೇನೆ: ಮುಂಗಡ 6,000 ರೂಪಾಯಿ, ಬಡ್ಡಿಯಿಲ್ಲ, ತಿಂಗಳಿಗೆ 500ರಂತೆ 12 ಕಂತು. ಏಳು ಕಂತು ಮುರಿದಿದೆ, ಅಂದರೆ 3,500 ಸಂದಿದೆ, 2,500 ಬಾಕಿ. ನೀವಿಬ್ಬರೂ 4,000ಕ್ಕೆ ಒಪ್ಪಿದಿರಿ. ಆ 4,000ವನ್ನು ಅವನ ಕೈಗೆ ಹಾಕಬೇಡಿರಿ. 2,500ನ್ನು ಕಚೇರಿಗೆ ಕಟ್ಟಿ, ಪಾವತಿಯನ್ನೂ ಬಾಕಿ ಇಲ್ಲವೆಂಬ ಚೀಟಿಯನ್ನೂ ಪಡೆದು, ಉಳಿದ 1,500ನ್ನು ಅವನಿಗೆ ಕೊಡಿರಿ. ಸೈಕಲ್ಲು ಧಣಿಯ ಹೆಸರಿನಲ್ಲಿದ್ದರೆ, ಅದನ್ನು ನೌಕರನ ಹೆಸರಿಗೆ ಬಿಟ್ಟುಕೊಟ್ಟ ಕಾಗದವೂ ಬೇಕು. ಸ್ನೇಹಿತನೆಂದೋ ಬೀಗರ ಪೈಕಿಯವನೆಂದೋ ಸಂಕೋಚ ಪಡುವವರುಂಟು. ಬೀಗರ ಜೊತೆಯ ವ್ಯವಹಾರಕ್ಕೆ ಚೀಟಿ ಇನ್ನೂ ಹೆಚ್ಚು ಬೇಕೆಂಬುದು ನನ್ನ ಅಭಿಪ್ರಾಯ.

ಇಂಗ್ಲಂಡ ದೇಶದಲ್ಲಿಯೂ 1999ರಿಂದ ಇಂಥದೇ ಯೋಜನೆ ಇದೆ. ಅಲ್ಲಿ ಧಣಿ ಸೈಕಲ್ ಕೊಂಡು ನೌಕರನಿಗೆ ಬಾಡಿಗೆಗೆ ಕೊಡುತ್ತಾನೆ. ಬಾಡಿಗೆಯನ್ನು ತೆರಿಗೆ ಹಾಕುವ ಮೊದಲೇ ಪಗಾರದಲ್ಲಿ ಮುರಿಯುವದರಿಂದ ನೌಕರನಿಗೆ ಅಷ್ಟು ತೆರಿಗೆ ಉಳಿಯುತ್ತದೆ. ಬಾಡಿಗೆಯ ಅವಧಿ ಮುಗಿದೊಡನೆ ಸೈಕಲ್ ತಾನಾಗಿಯೇ ಅವನದಾಗುವದಿಲ್ಲ, ಆ ಹೊತ್ತಿನ ಬೆಲೆ ಕೊಟ್ಟು ಕೊಳ್ಳಬೇಕು. ಅಲ್ಲಿಯ ತೆರಿಗೆ ಇಲಾಖೆ ಇದಕ್ಕೆಂದೇ ಒಂದು ಕೋಷ್ಟಕ ಹೊರಡಿಸಿದೆ: 500 ಪೌಂಡಿಗಿಂತ ಕಡಿಮೆ ಬೆಲೆಯ ಸೈಕಲ್ಲಿಗೆ ಒಂದು ವರ್ಷವಾದ ಮೇಲೆ ಮೂಲ ಬೆಲೆಯಲ್ಲಿ ನೂರಕ್ಕೆ 18, ನಾಲ್ಕು ವರ್ಷವಾದರೆ ನೂರಕ್ಕೆ 3. ಈ ಲೆಕ್ಕ ನಮಗೆ ಹೊಂದದು. ಹಾಲಿನ ಕ್ಯಾನು, ಮೇವಿನ ಹೊರೆ ಹೊರುವ ನಮ್ಮ ದಪ್ಪ ಕೊಳವೆಯ ಸೈಕಲ್ಲು ಒಂದು ವರ್ಷಕ್ಕೆ ಅಷ್ಟು ಬೆಲೆ ಕಳೆದುಕೊಳ್ಳುವದಿಲ್ಲ. ಆದರೆ ಬಾಡಿಗೆ ತೀರಿದ್ದು ಒಂದು, ಒಡೆತನ ಬಂದದ್ದು ಇನ್ನೊಂದು ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ನಿಮ್ಮ ಮಗನೇ ಇಂಥ ಮುಂಗಡ ಪಡೆಯುವವನಿದ್ದರೆ ಸಹಿ ಹಾಕುವ ಮೊದಲು ಕೇಳಬೇಕಾದ ಮಾತು ಬೇರೆ. ಸಕ್ಕರೆ ಕಾರಖಾನೆಯಲ್ಲಿ ಹಂಗಾಮಿನ ಕೆಲಸವಾದರೆ ಕಬ್ಬು ಅರೆಯುವ ತಿಂಗಳು ಮುಗಿದ ಮೇಲೆ ಪೂರ್ಣ ಪಗಾರ ಬರುವದಿಲ್ಲ. ಆಗಲೂ ಕಂತು ಓಡುವದೋ ನಿಲ್ಲುವದೋ? ನಿಂತರೆ ಆ ತಿಂಗಳುಗಳಿಗೆ ಬಡ್ಡಿ ಬೀಳುವದೋ? ಹಂಗಾಮಿನ ಒಳಗೇ ಸಾಲ ತೀರುವಂತೆ ಕಂತು ಗೊತ್ತುಮಾಡಿಕೊಳ್ಳುವದು ಲೇಸು, ಕಂತು ತುಸು ದೊಡ್ಡದಾದರೂ ಚಿಂತೆಯಿಲ್ಲ. ಮಧ್ಯದಲ್ಲಿ ಕೆಲಸ ಬಿಟ್ಟರೆ ಬಾಕಿಯನ್ನು ಒಮ್ಮೆಲೇ ಮುರಿಯುವರೋ ಎಂಬುದನ್ನೂ ಕೇಳಿರಿ. 2019ರ ವೇತನ ಸಂಹಿತೆಯ ಪ್ರಕಾರ ಒಂದು ಪಗಾರದ ಅವಧಿಯಲ್ಲಿ ಎಲ್ಲ ಕಡಿತಗಳೂ ಕೂಡಿ ಪಗಾರದ ಅರ್ಧವನ್ನು ಮೀರಬಾರದು. ಇದರಲ್ಲಿ ಸೈಕಲ್ಲಿನ ಕಂತಲ್ಲದೆ ಭವಿಷ್ಯನಿಧಿ, ಸಂಘದ ಸಾಲ ಮುಂತಾದವೂ ಸೇರುತ್ತವೆ. ಪಗಾರದ ಚೀಟಿಯನ್ನು ಪ್ರತಿ ತಿಂಗಳು ಓದುವ ರೂಢಿ ಮನೆಯಲ್ಲಿ ಆಗಬೇಕು. ಶಾಲೆಗೆ ಹೋಗುವ ಮಗಳು ಓದಿ ಹೇಳಿದರೂ ಸಾಕು.

ಸಾಲದ ಮಾತು ಬಗೆಹರಿದ ಮೇಲೆ ಸೈಕಲ್ಲಿನ ಕಡೆಗೆ ತಿರುಗಿರಿ. ಅದನ್ನು ಬುಡಮೇಲು ನಿಲ್ಲಿಸಿರಿ. ಪೆಡಲಿನ ಅಚ್ಚು ಕೂಡುವ ಜಾಗದ ತಳದಲ್ಲಿ ಅಥವಾ ಸೀಟಿನ ಕೊಳವೆಯ ಮೇಲೆ ಒತ್ತಿದ ನಂಬರು ಇರುತ್ತದೆ. ಅಂಗಡಿಯ ಪಾವತಿಯಲ್ಲಿ ನಂಬರು ಬರೆದಿದ್ದರೆ ಎರಡೂ ಕೂಡಬೇಕು. ನಂಬರನ್ನು ಅರದಿಂದ ಉಜ್ಜಿದ್ದು ಕಂಡರೆ ಆ ಸೈಕಲ್ ಪುಕ್ಕಟೆ ಕೊಟ್ಟರೂ ಬೇಡ. ಹ್ಯಾಂಡಲ್ಲಿನ ಹತ್ತಿರ ಎರಡು ಕೊಳವೆ ಕೂಡುವಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಅಥವಾ ಬಿರಿದಿದ್ದರೆ ಎಲ್ಲಿಯೋ ಎದುರಿಗೆ ಹೊಡೆತ ಬಿದ್ದಿದೆ ಎಂದು ತಿಳಿಯಬೇಕು. ಗಾಲಿ ತಿರುಗಿಸಿ ಬ್ರೇಕಿನ ರಬ್ಬರಿನ ಹತ್ತಿರ ನೋಡಿದರೆ ರಿಮ್ಮಿನ ಬೆಂಡು ಕಾಣುತ್ತದೆ. ಸಣ್ಣ ಬೆಂಡು ತೆಗೆಸಬಹುದು, ಅದು ಬೆಲೆ ಇಳಿಸಿ ಕೇಳಲು ನಿಮಗೆ ಅನುಕೂಲ. ಗಾಲಿಯನ್ನು ಅಡ್ಡಡ್ಡ ಅಲ್ಲಾಡಿಸಿರಿ. ಗಡಗಡ ಅಂದರೆ ಒಳಗಿನ ಗುಂಡುಗಳು ಸವೆದಿರಬಹುದು.

ಚೈನು ನೋಡಲು ಒಂದು ಫೂಟಿನ ಅಳತೆಪಟ್ಟಿ ಒಯ್ಯಿರಿ. ಸೈಕಲ್ಲಿನ ಚೈನಿನಲ್ಲಿ ಒಂದು ಮೊಳೆಯಿಂದ ಮುಂದಿನ ಮೊಳೆಗೆ ಅರ್ಧ ಇಂಚು. ಆದ್ದರಿಂದ ಒಂದು ಮೊಳೆಯ ನಡುವಿನಿಂದ ಅದರ ಮುಂದಿನ 24ನೆಯ ಮೊಳೆಯ ನಡುವಿಗೆ ಬಿಗಿಯಾಗಿ ಹಿಡಿದು ಅಳೆದರೆ ಸರಿಯಾಗಿ 12 ಇಂಚು ಬರಬೇಕು. ಎಂಟನೆಯ ಒಂದು ಇಂಚು ಹೆಚ್ಚು ಬಂದರೆ ಚೈನು ಸವೆದುಹೋಗಿದೆ. ಹಾಗೆ ಸವೆದ ಚೈನು ಹಲ್ಲಿನ ಚಕ್ರವನ್ನೂ ತಿಂದಿರುತ್ತದೆ. ಹೊಸ ಚೈನು ಒಂದನ್ನೇ ಹಾಕಿದರೆ ಏರಿನಲ್ಲಿ ಜಿಗಿಯುತ್ತದೆ. ಎರಡರ ಬೆಲೆಯನ್ನೂ ಮೊದಲೇ ಕಳೆದು ಮಾತಾಡಿರಿ.

ವ್ಯವಹಾರ ಕುದುರಿದ ಮೇಲೆ ತಾರೀಖು, ಸೈಕಲ್ಲಿನ ನಂಬರು, ಕೊಟ್ಟ ರೊಕ್ಕ ಬರೆದು ಮಾರಿದವನ ಸಹಿಯನ್ನೂ ಒಬ್ಬ ಸಾಕ್ಷಿಯ ಸಹಿಯನ್ನೂ ಹಾಕಿಸಿರಿ. ಬಾಕಿ ಇಲ್ಲವೆಂಬ ಚೀಟಿ, ಕಟ್ಟಿದ ಪಾವತಿ, ಅಂಗಡಿಯ ಮೂಲ ಪಾವತಿ, ಈ ಕಾಗದ ಎಲ್ಲವನ್ನೂ ಕೂಡಿಸಿ ಹೊಲದ ಉತಾರ ಇಡುವ ಪೆಟ್ಟಿಗೆಯಲ್ಲಿಯೇ ಇಡಿರಿ.