ರಾಜ್‌ಕುಮಾರ್ ಇದ್ದೂ ಮರೆತುಹೋದ ಚಿತ್ರಗಳು

‘ಬೆಟ್ಟದ ಹೂವು’ ಗೊತ್ತಿಲ್ಲದ ಕನ್ನಡಿಗರು ಸಿಗುವುದು ಕಷ್ಟ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂದು ಕಾಡು ಸುತ್ತಿ ಆರ್ಕಿಡ್ ಹೂ ತಂದು, ಕಾಸು ಕೂಡಿಟ್ಟ ಹುಡುಗ ರಾಮು ಕೊನೆಗೆ ಆ ಕಾಸಿನಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. 1985ರ ಆ ಚಿತ್ರದಿಂದ ಪುನೀತ್‌ಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಕಥೆ ಶೆರ್ಲಿ ಅರೋರಾ ಎಂಬ ಅಮೆರಿಕನ್ ಲೇಖಕಿಯ ಕಾದಂಬರಿಯದ್ದು ಅನ್ನುವುದನ್ನೂ ಕೆಲವರು ಬಲ್ಲರು. ಇಷ್ಟೆಲ್ಲ ಹೇಳುವವರನ್ನು ‘ನಿರ್ದೇಶಕರು ಯಾರು?’ ಎಂದು ಕೇಳಿ ನೋಡಿ. ಪುಟ್ಟಣ್ಣ ಕಣಗಾಲ್ ಇರಬೇಕು ಅನ್ನುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ.

ಅವರ ಹೆಸರು ಎನ್. ಲಕ್ಷ್ಮೀನಾರಾಯಣ್. ‘ನಾಂದಿ’, ‘ಉಯ್ಯಾಲೆ’, ‘ಅಬಚೂರಿನ ಪೋಸ್ಟಾಫೀಸು’ ಚಿತ್ರಗಳನ್ನು ಮಾಡಿದವರೂ ಅವರೇ. ಕನ್ನಡದಲ್ಲಿ ಇವರಷ್ಟು ಒಳ್ಳೆಯ ಕೆಲಸ ಮಾಡಿ ಇವರಷ್ಟು ಮರೆವಿಗೆ ಸಂದ ನಿರ್ದೇಶಕರು ಇನ್ನೊಬ್ಬರಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾರಾದರೂ ‘ನೋಡದೇ ಬಿಟ್ಟ ಒಳ್ಳೆಯ ಕನ್ನಡ ಸಿನಿಮಾ ಹೇಳಿ’ ಎಂದರೆ ನಾನು ಶುರು ಮಾಡುವುದು ಇವರಿಂದಲೇ.

1964 ಕನ್ನಡ ಚಿತ್ರರಂಗಕ್ಕೆ ಬಣ್ಣದ ವರ್ಷ. ಪೂರ್ತಿ ವರ್ಣದಲ್ಲಿ ತಯಾರಾದ ಮೊದಲ ಕನ್ನಡ ಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದದ್ದು ಆಗಲೇ. ಅದೇ ವರ್ಷ, ಕಪ್ಪು-ಬಿಳುಪಿನಲ್ಲಿ, ಅರಮನೆ ದೇವಸ್ಥಾನ ಯಾವುದೂ ಇಲ್ಲದೆ ಒಬ್ಬ ಶಾಲಾ ಮಾಸ್ತರನ ಮನೆಯೊಳಗೆ ನಡೆಯುವ ‘ನಾಂದಿ’ಯೂ ಬಂತು. ಮಾಸ್ತರರಾಗಿ ರಾಜ್‌ಕುಮಾರ್. ಮೊದಲ ಹೆಂಡತಿ ಕಲ್ಪನಾ, ಆಗಿನ್ನೂ ಹೊಸಬರು. ಆಕೆ ತೀರಿಕೊಂಡ ಮೇಲೆ ಮಾಸ್ತರರು ಕಿವಿ ಕೇಳದ, ಮಾತು ಬಾರದ ಹೆಣ್ಣೊಬ್ಬಳನ್ನು ಮದುವೆಯಾಗುತ್ತಾರೆ. ಆ ಪಾತ್ರ ಹರಿಣಿಯವರದು. 1951ರ ‘ಜಗನ್ಮೋಹಿನಿ’ಯಿಂದ ಮನೆಮಾತಾಗಿದ್ದ ನಟಿ ಇಲ್ಲಿ ಬಾಯಿ ತೆರೆದು ಒಂದು ಮಾತೂ ಆಡುವುದಿಲ್ಲ. ಮಗು ಹುಟ್ಟಿದ ಮೇಲೆ ಅದಕ್ಕಾದರೂ ಕಿವಿ ಕೇಳುತ್ತದೆಯೋ ಇಲ್ಲವೋ ಎಂಬ ಭಯ ಆ ಮನೆಯನ್ನು ಹಿಡಿಯುತ್ತದೆ. ಆ ಭಯವನ್ನು ಹೇಳಿಕೊಳ್ಳಲು ತಾಯಿಗೆ ಬಾಯಿಲ್ಲ.

ಈ ಚಿತ್ರದಲ್ಲಿ ಪಿ.ಬಿ. ಶ್ರೀನಿವಾಸ್ ಮಗುವಿಗಾಗಿ ಹಾಡಿದ ಒಂದು ಹಾಡಿದೆ, ಸಂಗೀತ ವಿಜಯಭಾಸ್ಕರ್ ಅವರದು. ರೇಡಿಯೋದಲ್ಲಿ ಅದನ್ನು ಕೇಳಿ ಬೆಳೆದವರು ಲೆಕ್ಕವಿಲ್ಲದಷ್ಟು ಜನ. ನಾನೂ ಎಷ್ಟೋ ಕಾಲ ಅದನ್ನು ಬರೀ ಇಂಪಾದ ಹಾಡು ಅಂತಲೇ ಕೇಳುತ್ತಿದ್ದೆ. ಮಗುವನ್ನು ‘ಕೇಳು’ ಎನ್ನುವ ಆ ಹಾಡು ಕಿವಿ ಕೇಳದ ತಾಯಿಯೊಬ್ಬಳ ಕಥೆಯಲ್ಲಿ ಬರುತ್ತದೆ ಎಂದು ಗೊತ್ತಾದ ಮೇಲೆ ಅದನ್ನು ಮೊದಲಿನಂತೆ ಕೇಳಲಾಗುವುದಿಲ್ಲ. ಚಿತ್ರದಲ್ಲಿ ಅಲ್ಲಲ್ಲಿ ಅಳು ಜಾಸ್ತಿಯಾಯಿತು ಅನ್ನಿಸುವುದುಂಟು. ಆದರೆ ಅಂಗವೈಕಲ್ಯವನ್ನು ಹಾಸ್ಯಕ್ಕೋ ಶಾಪಕ್ಕೋ ಬಳಸುತ್ತಿದ್ದ ದಿನಗಳಲ್ಲಿ ಅದನ್ನು ಸಂಸಾರದ ನಿತ್ಯದ ಪ್ರಶ್ನೆಯಾಗಿ ನೋಡಿದ ಚಿತ್ರ ಇದು.

‘ಉಯ್ಯಾಲೆ’ ಬಂದದ್ದು 1969ರಲ್ಲಿ. ಆ ವರ್ಷ ರಾಜ್‌ಕುಮಾರ್ ಅವರದ್ದೇ ‘ಮೇಯರ್ ಮುತ್ತಣ್ಣ’ ಬಂತು; ಹಿಂದಿನ ವರ್ಷ ‘ಜೇಡರ ಬಲೆ’ಯಿಂದ ಕೈಗೆ ಪಿಸ್ತೂಲು ಬಂದಿತ್ತು. ಕಲ್ಪನಾ ಅವರಿಗೆ ಅದು ‘ಗೆಜ್ಜೆಪೂಜೆ’ಯ ಕಾಲ. ಆ ಚಿತ್ರಗಳು ಇವತ್ತಿಗೂ ಜನರ ಬಾಯಲ್ಲಿವೆ. ನಡುವೆ ‘ಉಯ್ಯಾಲೆ’ ಮಾತ್ರ ಎಲ್ಲೋ ಜಾರಿಹೋಯಿತು.

ಕಥೆ ಚದುರಂಗರ ಕಾದಂಬರಿಯದು. ಪುಸ್ತಕಗಳಲ್ಲೇ ಮುಳುಗಿರುವ ಪ್ರೊಫೆಸರ್ ಶೇಷಗಿರಿರಾಯರಾಗಿ ಅಶ್ವತ್ಥ್, ಅವರ ಹೆಂಡತಿ ರಾಧೆಯಾಗಿ ಕಲ್ಪನಾ, ಆ ಮನೆಗೆ ಬರುವ ಕೃಷ್ಣೇಗೌಡನಾಗಿ ರಾಜ್‌ಕುಮಾರ್. ಗಂಡ ಕೆಟ್ಟವನಲ್ಲ. ಕುಡಿಯುವುದಿಲ್ಲ, ಬಯ್ಯುವುದಿಲ್ಲ, ಕೈ ಎತ್ತುವುದಿಲ್ಲ. ಅವನಿಗೆ ಹೆಂಡತಿ ಕಾಣಿಸುವುದಿಲ್ಲ, ಅಷ್ಟೇ. ಹಾಗಿರುವ ಮನೆಗೆ, ಅವಳನ್ನು ಗಮನಿಸಿ ಮಾತಾಡುವ ಒಬ್ಬ ಬಂದರೆ ಏನಾಗುತ್ತದೆ? ಖಳನಾಯಕನಿಲ್ಲ, ಹೊಡೆದಾಟವಿಲ್ಲ. ಊಟದ ತಟ್ಟೆ, ಕಾಫಿ ಲೋಟ, ಓದುವ ಕೋಣೆಯ ಬಾಗಿಲು ಇಷ್ಟರಲ್ಲೇ ಕಥೆ ನಡೆಯುತ್ತದೆ.

ನಾನು ಇದನ್ನು ಮೊದಲು ನೋಡಿದ್ದು ಹುಡುಗಿಯಾಗಿದ್ದಾಗ, ಊರಿನ ಟೂರಿಂಗ್ ಟಾಕೀಸಿನಲ್ಲಿ, ಚಿಕ್ಕಮ್ಮನ ಪಕ್ಕ ಚಾಪೆಯ ಮೇಲೆ ಕೂತು. ರಾಜಣ್ಣನ ಫೈಟಿಂಗ್ ಇಲ್ಲ ಅಂತ ನನಗೆ ಬೇಜಾರು. ಮನೆಗೆ ನಡೆದು ಬರುವಾಗ ಚಿಕ್ಕಮ್ಮ, ‘ಆ ಹೆಂಗಸಿಗೆ ಮನೇಲಿ ಮಾತಾಡೋರೇ ಇಲ್ಲ ಕಣೇ’ ಅಂದರು. ಅವರೂ ಬೆಳಗಾದರೆ ಕೊಟ್ಟಿಗೆ, ರಾತ್ರಿಯಾದರೆ ಒಲೆ ಅಂತ ಇದ್ದವರು, ಚಿಕ್ಕಪ್ಪನೊಂದಿಗೆ ನಾಲ್ಕು ಮಾತು ಕೂಡಿ ಆಡಿದ್ದನ್ನು ನಾವು ಕಂಡಿರಲಿಲ್ಲ. ಮದುವೆಯಾಗಿ, ಮಕ್ಕಳಾಗಿ, ಮತ್ತೆ ಆ ಚಿತ್ರ ನೋಡಿದಾಗ ಚಿಕ್ಕಮ್ಮ ಹೇಳಿದ್ದು ಯಾರ ವಿಷಯ ಎಂದು ತಿಳಿಯಿತು.

ರಾಜ್‌ಕುಮಾರ್ ಅಭಿನಯದ ಬಗ್ಗೆ ಮಾತಾಡುವವರು ‘ಬಂಗಾರದ ಮನುಷ್ಯ’, ‘ಕಸ್ತೂರಿ ನಿವಾಸ’, ‘ಭಕ್ತ ಕುಂಬಾರ’ ಅನ್ನುತ್ತಾರೆ. ಒಪ್ಪುತ್ತೇನೆ. ಆದರೆ ಅವರು ದನಿ ತಗ್ಗಿಸಿ, ಎದುರಿನವರಿಗೆ ಜಾಗ ಬಿಟ್ಟು ನಟಿಸಿದ್ದನ್ನು ನೋಡಬೇಕಾದರೆ ‘ಉಯ್ಯಾಲೆ’ಗೇ ಬರಬೇಕು. ಇಲ್ಲಿ ಅವರು ನಾಯಕನಲ್ಲ, ಕಥೆ ಕಲ್ಪನಾ ಅವರದು. ಅಷ್ಟು ದೊಡ್ಡ ನಟ ಅದನ್ನು ಒಪ್ಪಿ ಮಾಡಿದ್ದು ನನಗೆ ದೊಡ್ಡ ಸಂಗತಿ.

ಇನ್ನು ‘ಅಬಚೂರಿನ ಪೋಸ್ಟಾಫೀಸು’. ಇದರ ಬಗ್ಗೆ ಹೇಳಲು ನನಗೆ ಸ್ವಲ್ಪ ಹೆಚ್ಚು ಅಧಿಕಾರವಿದೆ. ನಾನು ಅಂಚೆ ಇಲಾಖೆಯಲ್ಲಿದ್ದವಳು. ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ನಡುವಿನ ಸಣ್ಣ ಆಫೀಸುಗಳಲ್ಲೇ ನನ್ನ ಸರ್ವೀಸಿನ ಬಹುಪಾಲು ಕಳೆಯಿತು. ಬೆಳಗಿನ ಬಸ್ಸಿನಲ್ಲಿ ಟಪಾಲು ಚೀಲ ಬರುತ್ತಿತ್ತು. ಅರಗಿನ ಸೀಲು ಒಡೆದಿಲ್ಲವೇ ಎಂದು ನೋಡಿ, ದಾರ ಕತ್ತರಿಸಿ, ಕಾಗದಗಳನ್ನು ಮೇಜಿನ ಮೇಲೆ ಸುರಿದು ತಾರೀಖಿನ ಠಸ್ಸೆ ಒತ್ತುವಷ್ಟರಲ್ಲಿ ಕಿಟಕಿಯ ಆಚೆ ಜನ. ‘ಅಮ್ಮಾ, ನಮ್ದೇನಾದ್ರೂ ಬಂದಿದ್ಯಾ?’ ಓದು ಬಾರದವರಿಗೆ ನಾವೇ ಓದಿ ಹೇಳಬೇಕು. ಘಟ್ಟದ ಕೆಳಗಿನಿಂದ ಬಂದ ಕಾರ್ಡಿನಲ್ಲಿ ಸಾವಿನ ಸುದ್ದಿ ಇದ್ದರೆ, ಕೇಳುವವರಿಗಿಂತ ಮೊದಲು ಓದುವವಳ ಗಂಟಲು ಕಟ್ಟುತ್ತದೆ. ಯಾರ ಮನೆಯಲ್ಲಿ ಸಾಲ, ಯಾರ ಮಗಳಿಗೆ ಗಂಡು ನಿಶ್ಚಯ, ಯಾರ ಮಗ ಊರು ಬಿಟ್ಟವನು ಮನಿಯಾರ್ಡರ್ ಕಳಿಸುವುದನ್ನು ನಿಲ್ಲಿಸಿದ, ಎಲ್ಲವೂ ಆ ಮೇಜಿಗೆ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದವರಂತೆ ಇರುವುದೇ ಆ ಕೆಲಸದ ಕಷ್ಟ.

ಪೂರ್ಣಚಂದ್ರ ತೇಜಸ್ವಿಯವರ ಕಥೆಯ ಬೋಬಣ್ಣನಿಗೆ ಆಗದೇ ಹೋದದ್ದು ಅದೇ. ಮಲೆನಾಡಿನ ಮೂಲೆಯ ಹಳ್ಳಿಗೆ ಪೋಸ್ಟಾಫೀಸು ಬರುತ್ತದೆ, ಅದರ ಉಸ್ತುವಾರಿ ಅವನ ಕೈಗೆ ಸಿಗುತ್ತದೆ. ಬೇರೆಯವರ ಕಾಗದಗಳು ಅವನ ತಲೆಯೊಳಗೆ ಹುಳ ಬಿಡುತ್ತವೆ. ಹೆಂಡತಿ ಕಾವೇರಿ, ಅತ್ತೆ ಮಾಚಮ್ಮ, ಊರಿನ ಪಿಸುಮಾತು ಎಲ್ಲದರ ನಡುವೆ ಅನುಮಾನ ಒಂದೊಂದೇ ಎಳೆಯಾಗಿ ಸುತ್ತಿಕೊಳ್ಳುತ್ತದೆ. ದೂರದರ್ಶನದಲ್ಲಿ ಈ ಚಿತ್ರ ನೋಡಿದಾಗ, ಸಣ್ಣ ಊರಿನಲ್ಲಿ ಗುಟ್ಟು ಹೇಗೆ ಓಡಾಡುತ್ತದೆ ಎಂಬುದನ್ನು ಇಷ್ಟು ಸರಿಯಾಗಿ ಹಿಡಿದ ಇನ್ನೊಂದು ಚಿತ್ರ ನನಗೆ ನೆನಪಾಗಲಿಲ್ಲ. ತಾರೆಯರಿಲ್ಲ. ನಾಯಕ ಸಾಮಾನ್ಯ, ಅವನ ತಪ್ಪುಗಳೂ ಸಾಮಾನ್ಯ. 1973ರ ಶ್ರೇಷ್ಠ ಕನ್ನಡ ಚಿತ್ರ ಎಂದು ರಾಷ್ಟ್ರಪ್ರಶಸ್ತಿ ಬಂದದ್ದು ಇದಕ್ಕೇ. ಆದರೆ ಅದೇ ವರ್ಷ ಗಿರೀಶ ಕಾರ್ನಾಡರ ‘ಕಾಡು’ ಇಡೀ ದೇಶದ ಎರಡನೇ ಶ್ರೇಷ್ಠ ಚಿತ್ರವಾಯಿತು, ಮಾತೆಲ್ಲ ಅದರ ಸುತ್ತ ನಡೆಯಿತು. ಇತ್ತ ಜನಸಾಮಾನ್ಯರು ‘ಗಂಧದ ಗುಡಿ’, ‘ಎಡಕಲ್ಲು ಗುಡ್ಡದ ಮೇಲೆ’ ನೋಡಲು ಸಾಲು ನಿಂತಿದ್ದರು. ಅಬಚೂರು ಎರಡೂ ಕಡೆ ಸಲ್ಲಲಿಲ್ಲ.

ಲಕ್ಷ್ಮೀನಾರಾಯಣ್ ಅವರ ಪಾಡೇ ಇದು. ಜನಪ್ರಿಯ ಚಿತ್ರಗಳನ್ನು ಅಭಿಮಾನಿಗಳು ಕಾಯುತ್ತಾರೆ: ಹುಟ್ಟುಹಬ್ಬಕ್ಕೆ ಮರುಬಿಡುಗಡೆ, ಟೀವಿಯಲ್ಲಿ ಮತ್ತೆ ಮತ್ತೆ. ‘ಸಂಸ್ಕಾರ’, ‘ಘಟಶ್ರಾದ್ಧ’, ‘ಚೋಮನ ದುಡಿ’ಯಂಥವನ್ನು ವಿಚಾರಸಂಕಿರಣಗಳು, ಪಠ್ಯಗಳು ಕಾಯುತ್ತವೆ. ರಾಜ್‌ಕುಮಾರ್ ಇದ್ದಾರೆಂದು ಹೊಸ ಅಲೆಯವರು ‘ನಾಂದಿ’ಯನ್ನು ತಮ್ಮದೆನ್ನಲಿಲ್ಲ, ರಾಜ್‌ಕುಮಾರ್ ಹೊಡೆದಾಡುವುದಿಲ್ಲವೆಂದು ಅಭಿಮಾನಿಗಳು ತಮ್ಮದೆನ್ನಲಿಲ್ಲ. ಕನ್ನಡದ ಹೊಸ ಅಲೆ 1970ರ ‘ಸಂಸ್ಕಾರ’ದಿಂದ ಶುರುವಾಯಿತು ಎಂದು ಎಲ್ಲ ಕಡೆ ಬರೆಯುತ್ತಾರೆ. ಅದಕ್ಕೆ ಆರು ವರ್ಷ ಮೊದಲೇ, ಗಾಂಧಿನಗರದ ತಾರೆಯರನ್ನೇ ಇಟ್ಟುಕೊಂಡು ಒಬ್ಬರು ಆ ಕೆಲಸ ಆರಂಭಿಸಿದ್ದರು ಎಂಬ ಒಂದು ಸಾಲನ್ನು ಆ ಚರಿತ್ರೆಗೆ ಸೇರಿಸಬೇಕು ಎಂಬುದು ನನ್ನ ಆಸೆ.

ಈ ಚಿತ್ರಗಳನ್ನೆಲ್ಲ ಒಟ್ಟಿಗೆ ನೋಡಿದರೆ ಇನ್ನೊಂದು ಕಾಣುತ್ತದೆ. ಮಾತು ಬಾರದ ತಾಯಿ, ಒಂಟಿತನ ಹೇಳಿಕೊಳ್ಳಲಾಗದ ರಾಧೆ, ಇನ್ನೊಬ್ಬರ ಕಾಗದಕ್ಕೆ ಆಸೆಪಡುವ ಬೋಬಣ್ಣ, ಪುಸ್ತಕ ಬೇಕೆಂದು ಹಸಿದ ಮನೆಯಲ್ಲಿ ಬಾಯಿಬಿಡಲಾಗದ ರಾಮು. ಬಾಯಿಗೆ ಬಾರದ ಆಸೆಯನ್ನು ಒಳಗಿಟ್ಟುಕೊಂಡವರ ಹಿಂದೆಯೇ ಈ ನಿರ್ದೇಶಕರ ಕ್ಯಾಮೆರಾ ಹೋಯಿತು. ಅಂಥವರ ಮೇಲೆ ಚಿತ್ರ ಮಾಡಲು ತಾಳ್ಮೆ ಬೇಕು, ನೋಡಲೂ ಬೇಕು.

ಇದೇ ನಡುವಿನ ಜಾಗದಲ್ಲಿ ಬಿದ್ದುಹೋದ ಬೇರೆಯವರ ಚಿತ್ರಗಳೂ ಇವೆ. ತಮಿಳಿನ ಹೆಮ್ಮೆಯ ಬಾಲು ಮಹೇಂದ್ರ ನಿರ್ದೇಶಕರಾದದ್ದು ಕನ್ನಡದಲ್ಲಿ, 1977ರ ‘ಕೋಕಿಲ’ದಿಂದ. ಕಮಲ್ ಹಾಸನ್, ಶೋಭಾ ಅಭಿನಯ, ಸಲೀಲ್ ಚೌಧುರಿ ಸಂಗೀತ, ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ. ಮೋಹನ್ ಎಂಬ ಕನ್ನಡ ಹುಡುಗ ತಮಿಳಿನಲ್ಲಿ ದೊಡ್ಡ ನಾಯಕನಾದ ಮೇಲೂ ‘ಕೋಕಿಲ ಮೋಹನ್’ ಅನ್ನಿಸಿಕೊಂಡದ್ದು ಈ ಚಿತ್ರದಿಂದಲೇ. ಮರುವರ್ಷ ಬಂದ ಕಾಶೀನಾಥ್ ಅವರ ‘ಅಪರಿಚಿತ’ ಕೊಲೆಯ ಸುತ್ತ ಹೆಣೆದ ಕಥೆ. ‘ಅನುಭವ’ದ ಕಾಶೀನಾಥ್ ಮಾತ್ರ ಗೊತ್ತಿರುವವರು ಇದನ್ನು ನೋಡಲೇಬೇಕು. ಇದರಲ್ಲೂ ಶೋಭಾ ಇದ್ದಾರೆ. ಎರಡೇ ವರ್ಷಕ್ಕೆ, ಇನ್ನೂ ಹದಿಹರೆಯದಲ್ಲೇ, ಅವರು ತೀರಿಕೊಂಡರು. ಶಂಕರ್‌ನಾಗ್ ನಿರ್ದೇಶನದ ‘ಆಕ್ಸಿಡೆಂಟ್’ನಲ್ಲಿ ಒಂದೂ ಹಾಡಿಲ್ಲ. ಫುಟ್‌ಪಾತಿನಲ್ಲಿ ಮಲಗಿದ ಬಡವರ ಮೇಲೆ ರಾಜಕಾರಣಿಯ ಮಗ ಕಾರು ಹರಿಸುತ್ತಾನೆ. ಆಮೇಲೆ ಅಧಿಕಾರ ಅದನ್ನು ಹೇಗೆ ಮುಚ್ಚಿಹಾಕುತ್ತದೆ ಎಂಬುದೇ ಚಿತ್ರ. ‘ಆಟೋ ರಾಜ’ನ ಶಂಕ್ರಣ್ಣನನ್ನು ಪ್ರೀತಿಸುವ ನಮ್ಮ ಆಟೋ ಚಾಲಕರಿಗೆ ನಾನು ಸಿಕ್ಕಾಗಲೆಲ್ಲ ಈ ಚಿತ್ರ ನೋಡಿ ಅನ್ನುತ್ತೇನೆ.

ಇವನ್ನು ಈಗ ನೋಡುವುದು ಹೇಗೆ? ‘ನಾಂದಿ’, ‘ಉಯ್ಯಾಲೆ’ ಯೂಟ್ಯೂಬಿನಲ್ಲಿ ಹುಡುಕಿದರೆ ಸಿಗುತ್ತವೆ. ಚಿತ್ರ ಮಸುಕು, ದನಿಯಲ್ಲಿ ಗೊರಗೊರ. ಅಷ್ಟಾದರೂ ಉಳಿದದ್ದು ಪುಣ್ಯ. ನಮ್ಮ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರಿಂಟೂ ಇಂದು ಉಳಿದಿಲ್ಲ. ಕಪ್ಪು-ಬಿಳುಪು ಫಿಲ್ಮಿನ ಲೇಪದಲ್ಲಿ ಬೆಳ್ಳಿಯಿರುತ್ತದೆ. ಓಡಿ ಮುಗಿದ ಪ್ರಿಂಟುಗಳನ್ನು ಬೆಳ್ಳಿ ತೆಗೆಯುವವರಿಗೆ ತೂಕಕ್ಕೆ ಹಾಕಿದ್ದುಂಟು. ಮಾರದೆ ಉಳಿದದ್ದನ್ನು ಸೆಕೆ, ತೇವ ತಿನ್ನುತ್ತವೆ. ಅಸಿಟೇಟ್ ಫಿಲ್ಮು ಹಾಳಾಗತೊಡಗಿದರೆ ಅದರಿಂದ ಹುಳಿ ಆವಿ ಹೊರಡುತ್ತದೆ, ಆ ಆವಿ ಪಕ್ಕದ ಡಬ್ಬಿಯ ರೀಲನ್ನೂ ಕೆಡಿಸುತ್ತದೆ. ಫಿಲ್ಮು ಕುಗ್ಗಿ, ಸೊಟ್ಟಗಾಗಿ, ಕೊನೆಗೆ ಪುಡಿಯಾಗುತ್ತದೆ.

ಮನಸ್ಸು ಮಾಡಿದರೆ ಉಳಿಸಬಹುದು ಎನ್ನುವುದಕ್ಕೆ ಸಾಕ್ಷಿಯೂ ಇದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ಫಿಲ್ಮ್ ಫೌಂಡೇಶನ್ ಸೇರಿ ಪುನರುಜ್ಜೀವನ ಮಾಡಿದವು, 2024ರ ವೆನಿಸ್ ಚಿತ್ರೋತ್ಸವದಲ್ಲಿ ಅದು ಹೊಸದಾಗಿ ತೆರೆಗೆ ಬಂತು. ಮುಂದಿನ ಸರದಿ ‘ಅಬಚೂರಿನ ಪೋಸ್ಟಾಫೀಸು’, ‘ಉಯ್ಯಾಲೆ’ಗಳದ್ದಾಗಬೇಕು. ನಮ್ಮ ಸರ್ಕಾರ, ನಮ್ಮ ಚಲನಚಿತ್ರ ಅಕಾಡೆಮಿ ಇದನ್ನು ಕೈಗೆತ್ತಿಕೊಳ್ಳಲಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಓದುಗರಿಂದಲೂ ಒಂದು ಸಹಾಯ ಆಗಬೇಕು. ಹಳೆಯ ಟೂರಿಂಗ್ ಟಾಕೀಸಿನವರು, ಹಂಚಿಕೆದಾರರು, ನಿರ್ಮಾಪಕರ ಮನೆಗಳ ಅಟ್ಟಗಳಲ್ಲಿ ಇವತ್ತಿಗೂ ರೀಲಿನ ಡಬ್ಬಿಗಳು ಇರಬಹುದು. ನಿಮ್ಮ ಕಡೆ ಅಂಥದ್ದು ಕಂಡರೆ ಗುಜರಿಗೆ ಹಾಕಬೇಡಿ. ಸುರುಳಿ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಬೇಡಿ. ಹುಳಿ ವಾಸನೆ ಬರುವ ಡಬ್ಬಿಯನ್ನು ಉಳಿದವುಗಳಿಂದ ದೂರ, ತಂಪಾದ ಒಣ ಜಾಗದಲ್ಲಿಡಿ. ಡಬ್ಬಿಯ ಮೇಲಿನ ಚೀಟಿ ಕೀಳಬೇಡಿ, ಚಿತ್ರದ ಹೆಸರು, ರೀಲಿನ ನಂಬರು ಅದರಲ್ಲೇ ಇರುತ್ತದೆ. ಆ ಚೀಟಿಯ ಒಂದು ಫೋಟೊ ತೆಗೆದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಕಳಿಸಿ. ‘ನಾಂದಿ’ ತೆರೆಕಂಡ 1964ರಲ್ಲೇ ಆರಂಭವಾದ ಸಂಸ್ಥೆ ಅದು, ಈಗ ಎನ್‌ಎಫ್‌ಡಿಸಿ ಜೊತೆ ಸೇರಿದೆ. ರೀಲು ಯಾವ ಸ್ಥಿತಿಯಲ್ಲಿದೆ, ಮುಂದೇನು ಮಾಡಬೇಕು ಎಂದು ಹೇಳಬಲ್ಲವರು ಅಲ್ಲಿದ್ದಾರೆ.