ಹೆಡೆಯೊಳಗಿನ ಕಿಂಡಿ

ಹಿಮಾಲಯದ ಓಕ್ ಕಾಡುಗಳ ನೆರಳಿನಲ್ಲಿಯೂ ಪಶ್ಚಿಮಘಟ್ಟದ ಶೋಲಾ ಕಾಡುಗಳಲ್ಲಿಯೂ ಮಳೆಗಾಲದ ಆಸುಪಾಸಿನಲ್ಲಿ ಗೆಡ್ಡೆಯಿಂದ ಚಿಗುರುವ ಅರಿಸೀಮಾ ಕುಲದ ಸಸ್ಯಗಳು, ಹೆಡೆಯೆತ್ತಿದ ನಾಗರವನ್ನು ಹೋಲುವ ಹೂವಿನಿಂದಾಗಿ ಕೋಬ್ರಾ ಲಿಲಿ ಎಂದು ಹೆಸರಾಗಿದ್ದರೂ ಲಿಲಿಯ ಬಳಗದವಲ್ಲ, ಕೆಸು ಮತ್ತು ಸುವರ್ಣಗೆಡ್ಡೆಗಳ ನಂಟರು. ತಂಪನ್ನೂ ಎಲೆಗೊಬ್ಬರದ ತೇವವನ್ನೂ ಬಯಸುವ ಇವು ಪೇರಲ ಹಣ್ಣಿಗೆ ಹೆಸರಾದ ತೆಲಂಗಾಣದ ಕೊಹೀರ್ ಕಡೆಯ ಕೆಂಪು ಬಯಲಿಗೆ ಒಗ್ಗುವಂಥವಲ್ಲವಾದರೂ, ಅಲ್ಲಿನ ಅಡುಗೆಮನೆಯಲ್ಲಿ ಕೆಸುವಿನ ಗೆಡ್ಡೆ ಹೆಚ್ಚುವವರ ಕೈಗೆ ಹತ್ತುವ ತುರಿಕೆ ಈ ನಂಟಿನ ಗುರುತೇ ಆಗಿದೆ. ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದ ಸೂಜಿಯಂತಹ ಹರಳುಗಳು ಎರಡರಲ್ಲೂ ಇವೆ. ಹೆಡೆಯ ರೂಪವನ್ನು ಕಂಡು ಈ ಗೆಡ್ಡೆ ಹಾವಿನ ವಿಷಕ್ಕೆ ಮದ್ದೆಂದು ನಂಬುವುದುಂಟು, ಆದರೆ ಆಕಾರದ ಹೋಲಿಕೆ ಔಷಧಗುಣಕ್ಕೆ ಸಾಕ್ಷಿಯಾಗದು.

ಹೆಡೆಯೆಂದು ಕಾಣುವುದು ವಾಸ್ತವವಾಗಿ ಸ್ಪೇತ್ ಎಂಬ ಮಾರ್ಪಟ್ಟ ಎಲೆ. ಅದರ ಕೊಳವೆಯೊಳಗೆ ನಿಂತಿರುವ ದಂಡದ ಬುಡದಲ್ಲಿ ಎಸಳಿಲ್ಲದ ಪುಟ್ಟ ಹೂಗಳು ಒತ್ತೊತ್ತಾಗಿರುತ್ತವೆ. ವಾಸನೆಗೆ ಮರುಳಾಗಿ, ಅಣಬೆಗಳಲ್ಲಿ ಮೊಟ್ಟೆಯಿಡುವ ಜಾತಿಯ ಸಣ್ಣ ನೊಣಗಳು ಒಳಗಿಳಿದರೆ, ಜಾರುವ ಗೋಡೆಯನ್ನೇರಿ ಮರಳಲಾರವು. ಮಲೆನಾಡಿನ ಹಳ್ಳಗಳಲ್ಲಿ ಮೀನು ಹಿಡಿಯಲು ಒಡ್ಡುವ ಬಿದಿರಿನ ಕೂಳಿಯ ತಂತ್ರವೇ ಇದು: ಒಳಹೋಗಲು ದಾರಿಯುಂಟು, ಹಿಂತಿರುಗಲು ಇಲ್ಲ. ವ್ಯತ್ಯಾಸವೆಂದರೆ ಅನೇಕ ಪ್ರಭೇದಗಳ ಗಂಡು ಗಿಡದ ಕೂಳಿಗೆ ಬುಡದಲ್ಲೊಂದು ಕಿಂಡಿಯಿದ್ದು, ಮೈತುಂಬ ಪರಾಗ ಬಳಿದುಕೊಂಡ ನೊಣ ಅದರಿಂದ ನುಸುಳಿ ಪಾರಾಗುತ್ತದೆ. ಹೆಣ್ಣು ಗಿಡದಲ್ಲಿ ಆ ಕಿಂಡಿಯಿಲ್ಲದ ಕಾರಣ, ಹೊರದಾರಿ ಹುಡುಕುತ್ತ ಶಲಾಕೆಗಳ ಮೇಲೆ ಮತ್ತೆ ಮತ್ತೆ ಓಡಾಡಿ ಪರಾಗವನ್ನೆಲ್ಲ ಉದುರಿಸಿದ ನೊಣ ಸಾಮಾನ್ಯವಾಗಿ ಅಲ್ಲೇ ಸಾಯುತ್ತದೆ. ಗಂಡಿನಿಂದ ನೊಣ ಜೀವಂತ ಹೊರಬರದಿದ್ದರೆ ಪರಾಗ ಮುಂದೆ ಸಾಗದು, ಹೆಣ್ಣಿಗೆ ಅಂತಹ ಅಗತ್ಯವಿಲ್ಲ; ಇಷ್ಟು ಒರಟಾದ ಲೆಕ್ಕಾಚಾರ ಸಸ್ಯಲೋಕದಲ್ಲಿ ಅಪರೂಪ.

ಗಂಡು, ಹೆಣ್ಣು ಎಂಬ ಭೇದವೂ ಇಲ್ಲಿ ಶಾಶ್ವತವಲ್ಲ. ಗೆಡ್ಡೆ ಚಿಕ್ಕದಿರುವಾಗ ಗಂಡಾಗಿರುವ ಗಿಡ, ಕಾಯಿ ಬಲಿಸುವಷ್ಟು ಆಹಾರ ಕೂಡಿಟ್ಟ ಬಳಿಕ ಹೆಣ್ಣಾಗುತ್ತದೆ, ಸೊರಗಿದರೆ ಮರಳಿ ಗಂಡಾಗುತ್ತದೆ. ಅಮೆರಿಕದ ಸಸ್ಯಶಾಸ್ತ್ರಜ್ಞ ಜಾನ್ ಶಾಫ್ನರ್, ಮಣ್ಣಿನ ಸಾರ ಮತ್ತು ತೇವವನ್ನು ಬದಲಿಸಿ ಈ ಪಲ್ಲಟವನ್ನು ಎರಡೂ ದಿಕ್ಕಿಗೆ ತಿರುಗಿಸಬಹುದೆಂದು ಅಲ್ಲಿನ ಪ್ರಭೇದಗಳ ಮೇಲಿನ ಪ್ರಯೋಗಗಳಿಂದ 1922ರಲ್ಲಿ ತೋರಿಸಿದರು. ಹಿಮಾಲಯಕ್ಕೂ ಪಶ್ಚಿಮಘಟ್ಟಕ್ಕೂ ಸಮಾನವಾದ, ಚಾವಟಿಯಂತೆ ದಂಡದ ತುದಿಯನ್ನು ಹೊರಚಾಚುವ ಅರಿಸೀಮಾ ಟಾರ್ಚುಯೋಸಮ್‌ನಲ್ಲಿ ಕಥೆ ಸ್ವಲ್ಪ ಬೇರೆ: ದೊಡ್ಡ ಗಿಡ ಒಂದೇ ದಂಡದಲ್ಲಿ ಎರಡೂ ಬಗೆಯ ಹೂಗಳನ್ನು ಹೊರುತ್ತದೆ.

ನೊಣಕ್ಕೆ ಈ ಕೂಳಿಯಿಂದ ನಷ್ಟವೇ ಹೊರತು ಲಾಭವಿಲ್ಲವೆಂಬ ಬಹುಕಾಲದ ಮಾತನ್ನು ಮಾತ್ರ ಈಗ ಸಡಿಲಿಸಬೇಕಾಗಿದೆ. ಜಪಾನಿನ ಕೋಬೆ ವಿಶ್ವವಿದ್ಯಾಲಯದ ಕೆಂಜಿ ಸುಯೆತ್ಸುಗು ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ಅರಿಸೀಮಾ ತುನ್‌ಬರ್ಗಿಯ ಹೂಗೊಂಚಲಿನಲ್ಲಿ ಸೆರೆಯಾದ ಒಂದು ಜಾತಿಯ ನೊಣ ಅಲ್ಲೇ ಮೊಟ್ಟೆಯಿಡುತ್ತದೆ, ಅದರ ಮರಿಹುಳುಗಳು ಕೊಳೆಯುತ್ತಿರುವ ಆ ಗೊಂಚಲನ್ನೇ ತಿಂದು ಬೆಳೆದು ಹೊರಹಾರುತ್ತವೆ.